ಕೊಲ್ಹಾರ ಸೇತುವೆ ಕಡೆ ಹುರಿದ ಮೀನು: ಮಸಾಲಿ ಹಚ್ಚಿದ ಮೇಲೆ ತಾಜಾ ಅಂತ ಗುರುತು ಹಿಡಿಯೋದು ಹೆಂಗ?

ಗುಮ್ಮಟದೂರು

ನಮಸ್ಕಾರ್ರಿ ಎಲ್ಲರಿಗೂ. ಈ ರವಿವಾರ ವಿಜಯಪುರದಿಂದ ಹೊಂಟು ಕೊಲ್ಹಾರ ಸೇತುವೆ ಕಡೆ ಹೋಗಿ, ಕೃಷ್ಣಾ ಹಿನ್ನೀರಿನ ದಂಡಿಗೆ ದಾರಿಬದಿ ಗಾಡಿಯೊಳಗ ಹುರಿದ ಮೀನು ತಿಂದು ಬರೋದು ಅಂತ ಮನ್ಯಾಗ ಠರಾಸೇವಿ. ಎಂಟು ಮಂದಿ. ಅದರಾಗ ಮೂರು ಹುಡುಗ್ರು, ಸಣ್ಣಾಕಿಗೆ ಐದು ವರ್ಷ. ಒಬ್ಬರು ವಯಸ್ಸಾದ ಅಜ್ಜಿ ಅದಾರ, ಹಲ್ಲು ಗಟ್ಟಿ ಇಲ್ಲ.

ಗಾಡಿ ಮುಂದ ನಿಂತ್ರ ಎಲ್ಲಾ ಮೀನಿಗೂ ಕೆಂಪು ಮಸಾಲಿ ಹಚ್ಚಿ ಪರಾತದಾಗ ಸಾಲಾಗಿ ಇಟ್ಟಿರ್ತಾರ. ಅದರಾಗ ಇವತ್ತಿಂದು ಯಾವುದು, ನಿನ್ನೇದು ಯಾವುದು ಅಂತ ಗೊತ್ತಾಗೋದು ಹೆಂಗ? ಹುಡುಗ್ರಿಗೆ ಮುಳ್ಳು ಕಡಿಮಿ ಇರೋ ಮೀನು ಯಾವುದು ಹೇಳ್ಬೇಕು? ಕೆಂಪು ಬಣ್ಣ ಮೆಣಸಿನಕಾಯಿದೋ, ಡಬ್ಬಿ ಬಣ್ಣದ್ದೋ? ಎಣ್ಣಿ ನೋಡಿದ ಕೂಡಲೇ ಕೆಟ್ಟದ್ದು ಅಂತ ಹೇಳೋ ಗುರುತು ಏನರ ಅದನೇನು? ಎಂಟು ಮಂದಿಗೆ ಎಷ್ಟು ಕಿಲೋ ಸಾಕು?

ಇನ್ನೊಂದು. ಮುಂದಿನ ತಿಂಗಳು ಬೆಳಗಾವಿಗೆ ಹೋಗೋದದ. ಅಲ್ಲಿ ಸಮುದ್ರದ ಮೀನು, ಬಾಂಗಡಾ, ಸಿಗಡಿ ಚಲೋ ಸಿಗ್ತಾವ ಅಂತಾರ. ಘಟ್ಟ ಹತ್ತಿ ಅಷ್ಟು ದೂರ ಬಂದದ್ದನ್ನ ತಾಜಾ ಅಂತ ನಂಬಬಹುದೇನ್ರಿ? ತಿಳಿದವರು ಬಿಡಿಸಿ ಹೇಳ್ರಿ.

ಹಿನ್ನೀರ_ದಂಡಿ

ಮಸಾಲಿ ಹಚ್ಚಿದ ಮೀನು ನೋಡಿ ಗುರುತು ಹಿಡಿಯಾಕ ಬರೂದಿಲ್ರಿ. ದಿನಾ ಮೀನು ಕೊಯ್ಯೋರಿಗೂ ಬರೂದಿಲ್ಲ. ಬೆಳ್ಳುಳ್ಳಿ, ಹಸಿ ಶುಂಠಿ, ಲಿಂಬಿಹುಳಿ, ಖಾರಪುಡಿ ಇಷ್ಟು ಕೂಡಿದ್ರ ಎರಡು ದಿನದ ಮೀನಿನ ವಾಸನಿನೂ ಮುಚ್ಚಿ ಹೋಗ್ತೈತಿ. ಅದಕ್ಕ ಪರಾತ ಬಿಟ್ಟು ಥರ್ಮಾಕೋಲ್ ಡಬ್ಬಿ ಕಡೆ ಹೋಗ್ರಿ. "ಇಡೀ ಮೀನು ತೋರಸ್ರಿ, ತೂಗಿ ಇಲ್ಲೇ ಕೊಯ್ರಿ, ಆಮ್ಯಾಲೆ ಮಸಾಲಿ ಹಚ್ರಿ" ಅಂತ ಹೇಳ್ರಿ. ಮುಕ್ಕಾಲು ತಾಸು ಹೆಚ್ಚು ಕೂಡಬೇಕಾಗ್ತೈತಿ, ಕೂಡ್ರಿ. ಇಡೀ ಮೀನು ತೋರಸಾಕ ಒಲ್ಲೆ ಅಂದ್ರ ಮುಂದಿನ ಗಾಡಿಗೆ ನಡೀರಿ.

ಮೀನು ಕೈಗೆ ಬಂದ ಮ್ಯಾಲೆ ಮೊದಲು ಕಿವಿರು. ಕೆನ್ನಿ ಮ್ಯಾಲಿನ ಗಟ್ಟಿ ಮುಚ್ಚಳಕ್ಕ ಬೆರಳು ಹಾಕಿ ಎತ್ತಿದ್ರ ಒಳಗ ಬಾಚಣಿಕಿ ಹಲ್ಲಿನಂಗ ಸಾಲು ಕಾಣ್ತಾವ. ಅವು ದಾಸವಾಳದ ಕೆಂಪು ಇದ್ದು, ಎಸಳು ಎಸಳಾಗಿ ಬಿಡಿ ಇದ್ದು, ಮ್ಯಾಲಿನ ಲೋಳಿ ನೀರಿನಂಗ ತಿಳಿ ಇದ್ರ ಕಣ್ಣು ಮುಚ್ಚಿ ತಗೋರಿ. ಇಟ್ಟಂಗಿ ಬಣ್ಣಕ್ಕ ತಿರುಗಿದ್ರ ಹೊತ್ತು ಮೀರಾಕ ಹತ್ತೇತಿ. ಕಂದು, ಬೂದಿ ಆಗಿ ಎಸಳು ಒಂದಕ್ಕೊಂದು ಅಂಟಿ, ಲೋಳಿ ಹಾಲಿನಂಗ ದಪ್ಪ ಆಗಿದ್ರ ಬ್ಯಾಡ. ಕಣ್ಣು ನೋಡ್ರಿ ಅಂತ ಎಲ್ಲಾರೂ ಹೇಳ್ತಾರ, ಖರೇನ, ಉಬ್ಬಿದ ತಿಳಿ ಕಣ್ಣು ಚಲೋ ಗುರುತು. ಆದ್ರ ಐಸ್ ನೇರ ತಾಗಿದ ಮೀನಿನ ಕಣ್ಣು ತಾಜಾ ಇದ್ರೂ ಮಸುಕು ಆಗ್ತೈತಿ. ಕಣ್ಣು, ಕಿವಿರು ಎರಡೂ ಬ್ಯಾರೆ ಬ್ಯಾರೆ ಮಾತು ಹೇಳಿದ್ರ ಕಿವಿರಿನ ಮಾತು ನಂಬ್ರಿ.

ಕಿವಿರು ಮೊದಲ ಕಿತ್ತು ಒಗದಿದ್ರ ಹೊಟ್ಟಿ ಒತ್ತಿ ನೋಡ್ರಿ. ಮೀನು ಕೆಡೂದು ಹೊಟ್ಟಿಯಿಂದನ. ಸತ್ತ ಮ್ಯಾಲೆ ಕರುಳಿನ ರಸ ತನ್ನ ಗೋಡಿನ್ನ ತಾನ ಕರಗಸಾಕ ಹತ್ತತೈತಿ. ಬೆರಳು ಒತ್ತಿದ ಗುಣಿ ತಟ್ಟನೆ ತುಂಬಿ ಬರಬೇಕು. ಕೊಯ್ದಾಗ ಪಕ್ಕಡಿ ಮುಳ್ಳು ಮಾಂಸ ಬಿಟ್ಟು ತಾವ ಎದ್ದು ನಿಂತಿದ್ರ ಅದು ಹಳೇದು, ಹೊರಗಿನ ಚರ್ಮ ಎಷ್ಟು ಮಿಂಚಲಿ. ಡಬ್ಬಿನೂ ಒಮ್ಮೆ ಇಣುಕ್ರಿ. ಮೀನಿನಷ್ಟ ತೂಕದ ಐಸ್ ಇರಬೇಕು, ಕರಗಿದ ನೀರು ಹರದು ಹೋಗಾಕ ತೂತು ಇರಬೇಕು. ಕೆಂಪು ನೀರಿನಾಗ ಮೀನು ತೇಲಾಕ ಹತ್ತಿದ್ರ ಮ್ಯಾಲೆ ನಾಕು ಐಸಿನ ತುಂಡು ಇದ್ರೂ ಉಪಯೋಗ ಇಲ್ಲ.

ಯಾವ ಮೀನು ಅಂದ್ರ, ಗಾಡಿಯಾಗ ಬರೂದು ಕಟ್ಲಾ, ರೋಹು, ಮೃಗಾಲ್, ಮತ್ತ ಜಿಲೇಬಿ ಅಂತ ಕರಿಯೂ ತಿಲಾಪಿಯಾ. ನಸೀಬ ಇದ್ರ ಕೊರಮೀನು. ಮೊದಲಿನ ಮೂರೂ ಗೆಂಡಿ ಜಾತಿ. ಅವುಗಳ ಬೆನ್ನಿನ ಮಾಂಸದಾಗ, ಬಾಲದಾಗ ಕವಲೊಡದ ಸಣ್ಣ ಮುಳ್ಳು ಇರ್ತಾವ, ಕವಣಿಯ ಕೋಲಿನಂಗ ಎರಡು ಟಿಸಿಲು. ಅವು ಬೆನ್ನೆಲುಬಿಗೆ ಅಂಟಿರೂದಿಲ್ಲ, ಮಾಂಸದಾಗ ಬಿಡಿಯಾಗಿ ಹೂತಿರ್ತಾವ. ಅದಕ್ಕ ನಡುವಿನ ಎಲುಬು ಎಳದ್ರೂ ಅವು ಬರೂದಿಲ್ಲ. ಹುಡುಗ್ರ ಗಂಟಲಿಗೆ ಸಿಗೂದು ಇವ. ಹೊಟ್ಟಿ ಕಡೆ ಮಾತ್ರ ಈ ತ್ರಾಸು ಇಲ್ಲ. ಅಲ್ಲಿ ಇರೂದು ಪಕ್ಕಡಿ ಮುಳ್ಳು ಅಷ್ಟ, ದೊಡ್ಡವು, ಉದ್ದ, ಕೈಗೆ ಸಿಗ್ತಾವ. ಮೂರು ಕಿಲೋ ಮ್ಯಾಲಿನ ಕಟ್ಲಾ ತಗೊಂಡು ಅದರ ಹೊಟ್ಟಿ ತುಂಡು ಅಜ್ಜಿಗೆ, ಹುಡುಗ್ರಿಗೆ ಕೊಡ್ರಿ. ಕೊಬ್ಬು ಇರ್ತೈತಿ, ಬೆಣ್ಣಿಯಂಗ ಮೆತ್ತಗ. ಬಾಲದ ತುಂಡು ಹಲ್ಲು ಗಟ್ಟಿ ಇದ್ದ ದೊಡ್ಡವರಿಗೆ.

ಜಿಲೇಬಿಯಾಗ ಈ ಕವಲು ಮುಳ್ಳು ಇಲ್ಲ. ನಡುವಿನ ಎಲುಬಿನ ಎರಡೂ ಕಡೆ ಮಾಂಸ ಹಾಳಿ ಹಾಳಿಯಾಗಿ ಬಿಚ್ಚಿ ಬರ್ತೈತಿ. ಆದ್ರ ನಿಂತ ನೀರಿನ ಜಿಲೇಬಿಗೆ ಮಣ್ಣಿನ ವಾಸನಿ ಬರ್ತೈತಿ, ಬ್ಯಾಸಿಗಿಯಾಗ ನೀರು ಇಳದಾಗ ಜಾಸ್ತಿ. ಅದು ಕೊಳತದ್ದಲ್ಲ. ನೀರಿನ ಪಾಚಿ, ಕೆಳಗಿನ ರಾಡಿಯಾಗಿನ ಸೂಕ್ಷ್ಮಜೀವಿ ಜಿಯೋಸ್ಮಿನ್ ಅನ್ನೋ ಪದಾರ್ಥ ಬಿಡ್ತಾವ. ಮೊದಲ ಮಳಿಗೆ ನೆಲ ಬಿಡೂ ವಾಸನಿನೂ ಅದ. ಮೀನು ಕಿವಿರಿನ ಮೂಲಕ ಅದನ್ನ ಎಳಕೊಂಡು ಕೊಬ್ಬಿನಾಗ ಇಟ್ಕೋತೈತಿ. ಹೊಟ್ಟಿ ಒಳಗಿನ ಕರೀ ಪೊರಿ ಉಗುರಿಲೆ ಕೆರದು ತಗೀಬೇಕು, ಬೆನ್ನೆಲುಬಿಗೆ ಅಂಟಿದ ರಕ್ತದ ಗೆರಿ ತಿಕ್ಕಿ ತೊಳೀಬೇಕು, ಉಪ್ಪು ಅರಿಷಿಣ ಹುಣಸಿನೀರು ಹಚ್ಚಿ ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೊಮ್ಮೆ ತೊಳೀಬೇಕು. ಜಿಯೋಸ್ಮಿನ್ ಹುಳಿಗೆ ಮುರೀತೈತಿ, ಅದಕ್ಕ ಹುಣಸಿ. ಅವಸರದ ಗಾಡಿಯಾಗ ಕರೀ ಪೊರಿ ಹಂಗ ಬಿಟ್ಟಿರ್ತಾರ. ನಿಂತು ತಗಸ್ರಿ.

ಕೊಯ್ಯುವಾಗ ಹಸರು ಪಿತ್ತದ ಚೀಲ ಒಡೀದಂಗ ನೋಡ್ರಿ, ಒಡದ್ರ ತಾಗಿದಷ್ಟು ಮಾಂಸ ಕತ್ತರಿಸಿ ಒಗೀಬೇಕು, ತೊಳದ್ರ ಕಹಿ ಹೋಗೂದಿಲ್ಲ. ಗೆಂಡಿ ಮೀನಿನ ಪಿತ್ತ ನುಂಗಿದ್ರ ಸಕ್ಕರಿ ರೋಗಕ್ಕ ಚಲೋ ಅಂತ ಯಾರರೆ ಹೇಳಿದ್ರ ಕೇಳಬ್ಯಾಡ್ರಿ. ಅದು ವಿಷ, ಮೂತ್ರಪಿಂಡ ಕೆಟ್ಟು ಡಯಾಲಿಸಿಸ್‌ಗೆ ಹೋಗೂ ಹಂಗ ಆಗ್ತೈತಿ.

ಲೆಕ್ಕ: ಇಡೀ ಕಟ್ಲಾ ಒಂದು ಕಿಲೋ ಕೊಯ್ದ್ರ ತಲಿ, ಕರುಳು, ಹುರುಪಿ ಹೋಗಿ ಆರುನೂರೈವತ್ತು ಗ್ರಾಂ ಹತ್ರ ತುಂಡು ಉಳೀತಾವ. ನಿಮ್ಮ ಎಂಟು ಮಂದಿಗೆ ಮೂರು ಕಿಲೋದ ಕಟ್ಲಾ ಒಂದು, ಜಿಲೇಬಿ ಒಂದು ಕಿಲೋ. ರೊಟ್ಟಿ ಕಟಗೊಂಡು ಹೊಂಟಿದ್ರ ಇಷ್ಟ ಹೆಚ್ಚಾಗ್ತೈತಿ. ದರ ಇಡೀ ಮೀನಿನ ತೂಕಕ್ಕೋ ಕೊಯ್ದ ತೂಕಕ್ಕೋ ಅಂತ ಮೊದಲ ಬಾಯಿಬಿಟ್ಟು ಕೇಳ್ರಿ, ಜಗಳ ಆಗೂದೆಲ್ಲಾ ಅಲ್ಲೇ.

ಬಾಣಲಿ_ಲೆಕ್ಕ

ಮೀನಿನ ಬಗ್ಗೆ ಮೇಲಿನವರು ಹೇಳಿದ್ದು ಅಷ್ಟೂ ಸರಿ. ನಾನು ಎಣ್ಣೆ, ಮಸಾಲೆ, ಬಣ್ಣದ ಬಗ್ಗೆ ಬರೀತೀನಿ.

ಎಣ್ಣೆ ಕಪ್ಪಾಗಿದೆ ಅನ್ನೋದೊಂದೇ ಗುರುತಲ್ಲ. ಬ್ಯಾಡಗಿ ಖಾರ ಹಚ್ಚಿದ ಮೀನು ಎರಡು ಸರ್ತಿ ಬಿಟ್ಟರೆ ಹೊಸ ಎಣ್ಣೆಯೂ ಕೆಂಪಗಾಗುತ್ತೆ, ಅದರಲ್ಲಿ ತಪ್ಪಿಲ್ಲ. ನೋಡಬೇಕಾದ್ದು ನೊರೆ. ಒಳ್ಳೆ ಎಣ್ಣೆಗೆ ಮೀನು ಬಿಟ್ಟಾಗ ದೊಡ್ಡ ದೊಡ್ಡ ಗುಳ್ಳೆ ಎದ್ದು, ಮೇಲೆ ಬಂದ ಕೂಡಲೇ ಒಡೆದು ಹೋಗ್ತವೆ. ಹಳೆ ಎಣ್ಣೆಯಲ್ಲಿ ಸಣ್ಣ ಹಳದಿ ನೊರೆ ಸೋಪಿನ ಬುರುಗಿನ ಹಾಗೆ ಬಾಣಲಿಯ ಅಂಚಿಗೆ ಏರುತ್ತೆ, ಮೀನು ತೆಗೆದ ಮೇಲೂ ನಿಂತೇ ಇರುತ್ತೆ. ಎರಡನೇದು ಹೊಗೆ. ಮೀನು ಬಿಡೋಕೆ ಬೇಕಾದ ಶಾಖಕ್ಕೇ ಹೊಗೆ ಬರ್ತಿದ್ದರೆ, ಗಂಟಲಿಗೆ ಘಾಟು ಹಿಡಿದರೆ, ಆ ಎಣ್ಣೆಯ ಆಯುಷ್ಯ ಮುಗಿದಿದೆ. ಮೂರನೇದು ಜಾರಾದಿಂದ ಬೀಳೋ ರೀತಿ: ಹನಿ ಹನಿಯಾಗಿ ಬೀಳದೆ ಕಾಕಂಬಿಯ ಹಾಗೆ ಎಳೆ ಎಳೆಯಾಗಿ ಇಳಿದರೆ ಬೇಡ. ಎಣ್ಣೆ ಪದೇ ಪದೇ ಕಾದಾಗ ಒಡೆದು ಪೋಲಾರ್ ಸಂಯುಕ್ತಗಳು ಹುಟ್ಟುತ್ತವೆ; ಅವು ನೂರಕ್ಕೆ 25 ದಾಟಿದ ಎಣ್ಣೆಯನ್ನ ಬಳಸಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಗಾಡಿ ಮುಂದೆ ನಿಂತು ಅಳೆಯೋಕಾಗಲ್ಲ, ಆದರೆ ನೊರೆ, ಹೊಗೆ, ಎಳೆ ಮೂರೂ ಕೂಡಿ ಕಂಡರೆ ಅಳೆಯೋ ಅಗತ್ಯವೂ ಇಲ್ಲ.

ನಿಮ್ಮ ಮೀನು ಬಾಣಲಿಗೆ ಬೀಳುವಾಗ ಪಕ್ಕದಲ್ಲೇ ನಿಂತಿರಿ. ಎಣ್ಣೆ 175ರಿಂದ 180 ಡಿಗ್ರಿ ಸೆಲ್ಸಿಯಸ್ ಇರಬೇಕು. ಥರ್ಮಾಮೀಟರ್ ಬೇಕಿಲ್ಲ: ಚಿಟಿಕೆ ಮಸಾಲೆ ಹಾಕಿದರೆ ತಳ ಮುಟ್ಟೋ ಮುಂಚೆ ಮೇಲೆ ಬರಬೇಕು, ಆದರೆ ಕೂಡಲೇ ಕರ್ರಗಾಗಬಾರದು. ಮುಕ್ಕಾಲು ಇಂಚು ದಪ್ಪದ ತುಂಡಿಗೆ ನಾಲ್ಕರಿಂದ ಐದು ನಿಮಿಷ. ಕಿವಿ ಕೊಟ್ಟು ಕೇಳಿ. ಬಿಟ್ಟಾಗ ಚರ್ ಅಂತ ಜೋರಾಗಿ ಶುರುವಾಗುತ್ತೆ, ಅದು ಮೀನಿನೊಳಗಿನ ನೀರು ಆವಿಯಾಗಿ ಹೊರಗೆ ನುಗ್ಗೋ ಸದ್ದು. ನೀರು ಕಡಿಮೆಯಾದಂಗೆ ಗುಳ್ಳೆ ಸಣ್ಣವಾಗ್ತವೆ, ಸದ್ದು ತೆಳುವಾಗಿ ಸುಂಯ್ ಅಂತ ಇಳಿಯುತ್ತೆ, ತುಂಡು ತಾನಾಗಿ ತೇಲುತ್ತೆ. ಆಗ ತೆಗೀಬೇಕು. ಸದ್ದು ಪೂರ್ತಿ ನಿಲ್ಲೋವರೆಗೆ ಬಿಟ್ಟರೆ ಒಳಗೆ ನಾರು ನಾರು.

ಗಾಡಿಗಳಲ್ಲಿ ಆಗೋ ದೊಡ್ಡ ತಪ್ಪು ಅಂದರೆ ರಶ್ ಇದ್ದಾಗ ಒಂದೇ ಸಲ ಎರಡು ಕಿಲೋ ಸುರಿಯೋದು. ಎರಡು ಲೀಟರ್ ಎಣ್ಣೆಗೆ ಒಂದು ಸರ್ತಿಗೆ ನಾನೂರೈವತ್ತು ಐನೂರು ಗ್ರಾಂ ಮೀನು, ಅದಕ್ಕಿಂತ ಹೆಚ್ಚಾದರೆ ಶಾಖ ಕುಸಿಯುತ್ತೆ. ಆವಿ ಜೋರಾಗಿ ಹೊರಗೆ ಬರದಿದ್ದರೆ ಎಣ್ಣೆ ಒಳಗೆ ಹೋಗುತ್ತೆ, ಮಸಾಲೆ ಕಳಚಿ ತಳಕ್ಕಿಳಿದು ಸುಟ್ಟು ಮುಂದಿನ ಸರ್ತಿಯ ಮೀನಿಗೆ ಕಹಿ ಅಂಟುತ್ತೆ. ಎಂಟು ಮಂದಿಯದೂ ಒಟ್ಟಿಗೆ ಬರಲಿ ಅಂತ ಒತ್ತಾಯ ಮಾಡಬೇಡಿ. ಹಂತ ಹಂತವಾಗಿ ಬಿಸಿ ಬಿಸಿ ಬರಲಿ, ಮಕ್ಕಳಿಗೆ ಮೊದಲು.

ಮಸಾಲೆಯ ಪ್ರಮಾಣ ಕೇಳಿಲ್ಲ, ಆದರೂ ಹೇಳ್ತೀನಿ, ಗಾಡಿಯವರಿಗೆ ಹೇಳಿ ಹಚ್ಚಿಸೋಕೆ ಬರುತ್ತೆ. ಒಂದು ಕಿಲೋ ತುಂಡಿಗೆ ಬ್ಯಾಡಗಿ ಖಾರಪುಡಿ ಮೂರು ದೊಡ್ಡ ಚಮಚ, ಗುಂಟೂರು ಖಾರ ಒಂದು, ಶುಂಠಿ ಬೆಳ್ಳುಳ್ಳಿ ಅರೆದದ್ದು ಎರಡು, ಅರಿಷಿಣ ಅರ್ಧ ಸಣ್ಣ ಚಮಚ, ಉಪ್ಪು ಹದಿನೈದು ಗ್ರಾಂ ಸುಮಾರು, ಲಿಂಬೆ ಎರಡು, ಅಕ್ಕಿಹಿಟ್ಟು ಎರಡು ದೊಡ್ಡ ಚಮಚ. ಹಚ್ಚೋ ಮುಂಚೆ ತುಂಡಿನ ನೀರು ಬಟ್ಟೆಯಿಂದ ಒತ್ತಿ ತೆಗೀಬೇಕು, ಇಲ್ಲದಿದ್ದರೆ ಯಾವ ಮಸಾಲೆಯೂ ನಿಲ್ಲಲ್ಲ. ಅರ್ಧ ತಾಸು ಸಾಕು. ಲಿಂಬೆಹುಳಿಯಲ್ಲಿ ಎರಡು ತಾಸಿನ ಮೇಲೆ ಇಟ್ಟರೆ ಮಾಂಸ ಬೆಳ್ಳಗಾಗಿ ಪುಡಿ ಪುಡಿ ಆಗುತ್ತೆ. ಮುಂಜಾನೆ ಹಚ್ಚಿ ಸಂಜೆವರೆಗೆ ಇಟ್ಟ ಪರಾತದ ಮೀನು ಬಾಯಲ್ಲಿ ಹಿಟ್ಟಿನ ಹಾಗೆ ಆಗೋದು ಇದಕ್ಕೇ. ರವೆ ಹಚ್ಚಿದ್ದನ್ನ ಬಾಣಲಿಯಲ್ಲಿ ಕರಿಯೋರ ಹತ್ತಿರ ತಿನ್ನಬೇಡಿ. ರವೆ ಉದುರಿ ಸುಡುತ್ತೆ, ಅದು ತವಾಕ್ಕೆ ಸೇರಿದ್ದು.

ಇನ್ನು ಬಣ್ಣ. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುತ್ತೆ, ನೀರಲ್ಲಿ ಕರಗಲ್ಲ. ಡಬ್ಬಿ ಬಣ್ಣಗಳು ನೀರಲ್ಲಿ ಕರಗ್ತವೆ. ಹಸಿ ಮಸಾಲೆ ಒಂದು ಚಿಟಿಕೆ ಕೇಳಿ ತಗೊಂಡು ನೀರಿನ ಲೋಟಕ್ಕೆ ಬಿಡಿ, ಅಲ್ಲಾಡಿಸಬೇಡಿ. ಖಾರಪುಡಿ ಆದರೆ ಕಣಗಳು ಮೇಲೆ ತೇಲಿ, ಕೆಲವು ಕೆಳಗಿಳಿದು, ನೀರು ಹೆಚ್ಚೆಂದರೆ ಮಸುಕು ಕಿತ್ತಳೆ ಆಗುತ್ತೆ. ಬಣ್ಣ ಹಾಕಿದ್ದರೆ ಮಸಾಲೆಯಿಂದ ಕೆಂಪು ಎಳೆಗಳು ದಾರ ಬಿಟ್ಟಂಗೆ ಕೆಳಗೆ ಇಳೀತವೆ, ನಿಮಿಷದೊಳಗೆ ಇಡೀ ಲೋಟ ಗುಲಾಬಿ ಅಥವಾ ಕಡುಕೆಂಪು. ತಿಂದ ಮೇಲೆ ನೀರಲ್ಲಿ ಕೈ ತೊಳೆದರೂ ಉಗುರಿನ ಸಂದಿಯಲ್ಲಿ ಗುಲಾಬಿ ಉಳಿದಿದ್ದರೆ ಅದೂ ಇದೇ. 2024ರ ಜೂನ್‌ನಲ್ಲಿ ನಮ್ಮ ರಾಜ್ಯದಲ್ಲಿ ಚಿಕನ್ ಮತ್ತು ಮೀನಿನ ಕಬಾಬಿಗೆ ಕೃತಕ ಬಣ್ಣ ಹಾಕೋದನ್ನ ನಿಷೇಧಿಸಿದ್ದಾರೆ. ಅದೇ ವರ್ಷ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಆಗಿತ್ತು. ಬ್ಯಾಡಗಿ ಮೆಣಸಿನಕಾಯಿ ಕೂಗಳತೆಯಲ್ಲಿ ಬೆಳೆಯೋ ನಮ್ಮ ಕಡೆಗೆ ಡಬ್ಬಿ ಬಣ್ಣ ಯಾಕೆ ಬೇಕು ಅನ್ನೋದು ನನ್ನ ಪ್ರಶ್ನೆ.

ಗುಮ್ಮಟದೂರು

ಇಬ್ಬರಿಗೂ ಭಾಳ ಉಪಕಾರ ಆತು. ಒಂದು ಸಂಶಯ. ಕೆಲವು ಕಡೆ ಮೊದಲ ಅರ್ಧ ಹುರಿದು ರಾಶಿ ಹಾಕಿ, ಗಿರಾಕಿ ಬಂದ್ರ ಮತ್ತೊಮ್ಮೆ ಎಣ್ಣಿಗೆ ಬಿಡ್ತಾರಲ್ಲ, ಅದು ನಡೀತದೇನ್ರಿ? ಮತ್ತ ಕೊಲ್ಹಾರಕ್ಕ ಹೋಗಿ ಗಡಿಗಿ ಮೊಸರು ತಿನ್ನದ ಬರೋದು ಹೆಂಗ, ಆದ್ರ ಮೀನಿನ ಮ್ಯಾಲೆ ಮೊಸರು ತಿಂದ್ರ ತೊನ್ನು ಬರ್ತದ ಅಂತ ಅಜ್ಜಿ ಅಂತಾರ.

ಬಾಣಲಿ_ಲೆಕ್ಕ

ಎರಡು ಸರ್ತಿ ಹುರಿಯೋದು ತಪ್ಪಲ್ಲ. ಮೊದಲು ಸಣ್ಣ ಉರಿಯಲ್ಲಿ ಒಳಗಿನ ತನಕ ಬೇಯಿಸಿ, ಐದು ನಿಮಿಷ ಬಿಟ್ಟು, ಜೋರು ಉರಿಯಲ್ಲಿ ಒಂದು ನಿಮಿಷ ಹುರಿದರೆ ಹೊರಗೆ ಗರಿಗರಿ ಬರುತ್ತೆ. ತಪ್ಪು ಇರೋದು ನಡುವಿನ ಹೊತ್ತಿನಲ್ಲಿ. ಒಳಗೆ ಅರೆಬೆಂದ ಮೀನು ಬಿಸಿಲಲ್ಲಿ ಮಧ್ಯಾಹ್ನದಿಂದ ಸಂಜೆವರೆಗೆ ಕೂತರೆ ಸೂಕ್ಷ್ಮಜೀವಿಗಳಿಗೆ ಹದವಾದ ಜಾಗ. ಉಗುರುಬೆಚ್ಚಗೆ ಎರಡು ತಾಸು ಮೀರಬಾರದು. ನಮ್ಮ ಕಡೆ ಏಪ್ರಿಲ್ ಮೇ ತಿಂಗಳ ನಲವತ್ತು ಡಿಗ್ರಿಯಲ್ಲಿ ಒಂದು ತಾಸೂ ಹೆಚ್ಚು. ಗುರುತು: ರಾಶಿಯಲ್ಲಿರೋ ತುಂಡನ್ನ ನಡುವೆ ಮುರಿಸಿ ನೋಡಿ. ಎಲುಬಿನ ಹತ್ತಿರ ಮಾಂಸ ಗಾಜಿನ ಹಾಗೆ ಪಾರದರ್ಶಕ ಇದ್ದು ಎಲುಬಿಗೆ ಅಂಟಿಕೊಂಡಿದ್ದರೆ ಅರೆಬೆಂದದ್ದು. ಬೆಂದ ಮೀನು ಪೂರ್ತಿ ಬೆಳ್ಳಗೆ, ಎಲುಬು ತಾನಾಗಿ ಬಿಡುತ್ತೆ. ನಿಮ್ಮ ತಟ್ಟೆಗೆ ಬಂದದ್ದನ್ನೂ ಹೀಗೇ ನೋಡಿ, ಹೊಳೆ ಕೆರೆಯ ಮೀನನ್ನ ಅರೆಬೆಂದದ್ದು ತಿನ್ನಲೇಬಾರದು.

ಮೊಸರಿನ ಮಾತಿಗೆ ವೈದ್ಯಕೀಯ ಆಧಾರ ಇಲ್ಲ. ತೊನ್ನು ಮೀನು ಮೊಸರಿನಿಂದ ಬರೋ ರೋಗ ಅಲ್ಲ. ಆದರೂ ಅಜ್ಜಿಯವರ ಮನಸ್ಸಿಗೆ ಒಗ್ಗದಿದ್ದರೆ ಅವರಿಗೆ ಒತ್ತಾಯ ಬೇಡ, ಮೊಸರಿನ ಗಡಿಗೆ ಮನೆಗೆ ಕಟ್ಟಿಸಿಕೊಂಡು ಹೋಗಿ.

ಕ್ಯಾಂಪ್_ಕಡೆಯವರು

ಬೆಳಗಾವಿ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳ್ತೇನಿ. ಕ್ಯಾಂಪ್ ಮೀನು ಮಾರುಕಟ್ಟಿಗೆ ಸಮುದ್ರದ ಮೀನು ಗೋವಾ ಕಡೆಯಿಂದ ಚೋರ್ಲಾ ಘಾಟ್ ಹತ್ತಿ, ಸಿಂಧುದುರ್ಗ ಕಡೆಯಿಂದ ಆಂಬೋಲಿ ಘಾಟ್ ಹತ್ತಿ ಬರತೈತಿ. ಪಣಜಿಯಿಂದ ಬೆಳಗಾವಿಗೆ ನೂರಿಪ್ಪತ್ತೈದು ಕಿಲೋಮೀಟರ್ ಹತ್ರ, ಮೂರ್ನಾಕು ತಾಸಿನ ದಾರಿ. ಆ ದಾರಿ ಏನೂ ದೊಡ್ಡದಲ್ಲ. ಆಳ ಸಮುದ್ರಕ್ಕ ಹೋದ ಟ್ರಾಲರ್ ವಾಪಸ್ ಬರಾಕ ಹಲವು ದಿನ ಹಿಡೀತಾವ. ಅಂದ್ರ ಬಂದರಿನಾಗ ಇಳದ ಮೀನೂ ದೋಣಿಯೊಳಗ ದಿನಗಟ್ಟಲೆ ಐಸಿನಾಗ ಇದ್ದದ್ದ. ಅದಕ್ಕ ದೂರ ಕೇಳಬ್ಯಾಡ್ರಿ, ಐಸ್ ಎಲ್ಲಿಯೂ ಕಡಿದಿಲ್ಲೇನು ಅಂತ ನೋಡ್ರಿ.

ಇದು ಬಾಂಗಡಾಕ್ಕಂತೂ ಜೀವದ ಪ್ರಶ್ನೆ. ಬಾಂಗಡಾ, ತಾರ್ಲೆ, ಟ್ಯೂನಾ ಇವುಗಳ ಮಾಂಸದಾಗ ಹಿಸ್ಟಿಡಿನ್ ಅನ್ನೋ ಅಂಶ ಹೆಚ್ಚು. ಮೀನು ಬೆಚ್ಚಗ ಆದ ಕೂಡಲೇ ಬ್ಯಾಕ್ಟೀರಿಯಾ ಅದನ್ನ ಹಿಸ್ಟಮಿನ್ ಅನ್ನೋ, ಮೈಗೆ ಅಲರ್ಜಿಯಂಗ ತ್ರಾಸು ಕೊಡೂ ಪದಾರ್ಥ ಮಾಡ್ತಾವ. ಒಮ್ಮೆ ಆದ ಹಿಸ್ಟಮಿನ್ ಹುರಿದ್ರೂ ಹೋಗೂದಿಲ್ಲ, ಮತ್ತ ಐಸಿನಾಗ ಇಟ್ರೂ ಹೋಗೂದಿಲ್ಲ, ವಾಸನಿನೂ ಬರಬೇಕಂತಿಲ್ಲ. ಹುರಿದ ಬಾಂಗಡಾ ಕಚ್ಚಿದಾಗ ಖಾರದ್ದಲ್ಲದ ಒಂದು ಚುರುಚುರು, ಕಾಳುಮೆಣಸು ತಾಗಿದಂಗ ನಾಲಿಗಿ ತುದಿಗೆ ಆದ್ರ ಅಲ್ಲೇ ಉಗುಳ್ರಿ. ತಿಂದು ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲಿ ಸಿಡದು, ಎದಿ ಬಡ್ಕೊಂಡ್ರ ಅದ. ಮಂದಿ ಅಲರ್ಜಿ ಅಂತ ತಿಳೀತಾರ. ತಡಾ ಮಾಡದ ಡಾಕ್ಟರ್ ಕಡೆ ಹೋಗಬೇಕು. ಬಾಂಗಡಾ ತಗೋಳುವಾಗ ಅದು ಕೈಯಾಗ ಅಡ್ಡ ಹಿಡದ್ರ ಕೋಲಿನಂಗ ನೆಟ್ಟಗ ನಿಲ್ಲಬೇಕು, ಬಾಲ ಜೋತು ಬೀಳಬಾರದು. ಬೆನ್ನಿನ ಹಸಿರು ನೀಲಿ ಗೆರಿ ಹೊಳೀಬೇಕು.

ತಿಂಗಳೂ ನೋಡ್ಕೋರಿ. ಪಶ್ಚಿಮ ಕರಾವಳಿಯಾಗ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಯಿಂದ ಮೀನು ಹಿಡಿಯಾಕ ಬಂದಿ (ನಿಷೇಧ). ಆ ಎರಡು ತಿಂಗಳು ಬರೂದು ಸಣ್ಣ ನಾಡದೋಣಿಯ ಮೀನು ಸ್ವಲ್ಪ, ಉಳಿದದ್ದು ಶೈತ್ಯಾಗಾರದ್ದು ಇಲ್ಲಾ ಪೂರ್ವ ಕರಾವಳಿಯದು. ಪೂರ್ವದ ಬಂದಿ ಜೂನ್ 14ಕ್ಕ ಮುಗೀತೈತಿ. ಜುಲೈದಾಗ ಪಾಪ್ಲೇಟ್ ಮುಂಜಾನಿ ಬಲೀದು ಅಂದ್ರ ನಂಬಬ್ಯಾಡ್ರಿ.

ಸಿಗಡಿ: ತಲಿ ಮೈಗೆ ಗಟ್ಟಿ ಅಂಟಿರಬೇಕು, ಚಿಪ್ಪು ಬಿಗಿ ಇರಬೇಕು. ತಲಿ ಜೋತಾಡಿದ್ರ, ಕಾಲಿನ ಬುಡ ಕರ್ರಗ ಆಗಿದ್ರ ಹಳೇದು. ಹುರಿಯೂದು ಎರಡು ಮೂರು ನಿಮಿಷ ಅಷ್ಟ. ಕುಡಗೋಲಿನಂಗ ಬಾಗಿದ್ರ ಬೆಂದೈತಿ, ಉಂಗುರದಂಗ ಸುತ್ತಿಕೊಂಡ್ರ ರಬ್ಬರ್. ಬೆನ್ನಿನ ಕರೀ ದಾರ ತಗಸ್ರಿ. ಸಮುದ್ರದ ಮೀನಿಗೆ ಬೆಳಗಾವಿಯಾಗ ಕೊಂಕಣದ ಪದ್ಧತಿ: ಕೋಕಂ ನೆನಸಿದ ನೀರು, ಉಪ್ಪು, ಖಾರ ಹಚ್ಚಿ, ರವಿಯಾಗ ಹೊರಳಿಸಿ ತವಾದ ಮ್ಯಾಲೆ. ಬಾಣಲಿಯೊಳಗ ಮುಳುಗಿಸಿದ್ರ ಬಾಂಗಡಾದ ಸ್ವಂತ ಎಣ್ಣಿ ಹೊರಗ ಹೋಗಿ ಒಣಗ್ತೈತಿ. ತವಾದ ಮ್ಯಾಲೆ ಒಂದೊಂದು ಮಗ್ಗಲಿಗೆ ನಾಕು ನಿಮಿಷ, ನಡುವ ಕೆದಕಬಾರದು.

ಮೀನು ಕೆಡದಂಗ ಕಾಣಲಿ ಅಂತ ಕೆಲವರು ಹಚ್ಚೂ ಫಾರ್ಮಾಲಿನ್ ಅನ್ನೋ ರಾಸಾಯನಿಕದ ಭಯ ಇದ್ದವರಿಗೆ: ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಕಾಗದದ ಪಟ್ಟಿಯ ಪರೀಕ್ಷಾ ಕಿಟ್ ಮಾಡೇತಿ, ಮೀನಿನ ಮ್ಯಾಲೆ ತಿಕ್ಕಿ ದ್ರಾವಣದ ಹನಿ ಹಾಕಿದ್ರ ಬಣ್ಣ ಬದಲಾಗಿ ಗೊತ್ತಾಗ್ತೈತಿ.

ಮುತ್ತುಗದ_ಎಲೆ

ಮುಳ್ಳಿನ ಬಗ್ಗೆ ಎರಡು ಮಾತು, ಹುಡುಗ್ರು ಬರ್ತಾರ ಅಂದದ್ದಕ್ಕ. ಐದು ವರ್ಷದಾಕಿಗೆ ತುಂಡು ಕೈಗೆ ಕೊಡಬ್ಯಾಡ್ರಿ. ಮಾಂಸ ಬೆರಳಿಂದ ಹಿಚುಕಿ, ಮುಳ್ಳು ಬೆರಳಿಗೆ ಹತ್ತಿದ ಮ್ಯಾಲೆ ತಗದು ಕೊಡ್ರಿ. ಕಣ್ಣಿಗೆ ಕಾಣದ ಮುಳ್ಳು ಬೆರಳಿಗೆ ಸಿಗ್ತದ. ಮೀನನ್ನ ರೊಟ್ಟಿಯೊಳಗ ಸುತ್ತಿ ಕೊಡೂದಂತೂ ಬ್ಯಾಡ, ಬಾಯೊಳಗ ಮುಳ್ಳು ಗೊತ್ತಾಗೂದಿಲ್ಲ. ಗಂಟಲಿಗೆ ಸಿಕ್ರ ಗಟ್ಟಿ ರೊಟ್ಟಿ ತುತ್ತು, ಅನ್ನದ ಉಂಡಿ ನುಂಗಸೂದು ನಮ್ಮ ಕಡೆ ರೂಢಿ; ಅದರಿಂದ ಮುಳ್ಳು ಇನ್ನೂ ಆಳಕ್ಕ ಚುಚ್ಚತದ. ಒಂದೆರಡು ಸಲ ಕೆಮ್ಮಿ, ನೀರು ಕುಡದು ನೋಡ್ರಿ. ಚುಚ್ಚೂದು ನಿಲ್ಲದಿದ್ರ, ಉಗುಳು ನುಂಗಾಕ ಆಗದಿದ್ರ, ಉಗುಳಿನಾಗ ರಕ್ತ ಕಂಡ್ರ ಕಿವಿ ಮೂಗು ಗಂಟಲು ಡಾಕ್ಟರ್. ಬೆರಳು ಹಾಕಿ ಕೆದಕಬ್ಯಾಡ್ರಿ.

ಎಣ್ಣಿ ಹೀರಸಾಕ ವೃತ್ತಪತ್ರಿಕಿ ಹಾಸಿ ಕೊಟ್ರ ಬ್ಯಾಡ ಅನ್ರಿ. ಬಿಸಿ ಎಣ್ಣಿ ತಾಗಿದ್ರ ಶಾಯಿ ಬಿಡತದ, ಆಹಾರ ಕಟ್ಟಾಕ ಅದನ್ನ ಬಳಸಬಾರದು ಅಂತ ನಿಯಮನೂ ಅದ. ನಾಕು ಮುತ್ತುಗದ ಪತ್ರಾವಳಿ, ಒಂದು ಹಳೀ ಸ್ವಚ್ಛ ಅರಿವಿ, ಹತ್ತು ಲಿಂಬಿಹಣ್ಣು, ಉಳ್ಳಾಗಡ್ಡಿ, ಕುಡಿಯೂ ನೀರು ಮನಿಯಿಂದನ ಒಯ್ರಿ. ಗಾಡಿಯಾಗ ಹೆಚ್ಚಿಟ್ಟ ಉಳ್ಳಾಗಡ್ಡಿ ಹಸಿ ಮೀನು ಕೊಯ್ದ ಪಟ್ಟಿ ಮ್ಯಾಲೇ ಹೆಚ್ಚಿದ್ದಿರಬಹುದು. ಮೀನು ಪೂರ್ತಿ ಬೆಂದ್ರೂ ಹೊಟ್ಟಿ ಕೆಡೂದು ಎಷ್ಟೋ ಸಲ ಆ ಉಳ್ಳಾಗಡ್ಡಿಯಿಂದ.

ಹಿನ್ನೀರ_ದಂಡಿ

ಉಳ್ಳಾಗಡ್ಡಿ ಮಾತು ಖರೇ ಐತ್ರಿ, ನಾ ಬರಿಯೂದು ಮರತಿದ್ನಿ. ಬಾಣಲಿ ಲೆಕ್ಕದವರ ಮಸಾಲಿಗೆ ಒಂದು ತಿದ್ದುಪಡಿ: ಹೊಳಿ ಮೀನಿಗೆ ಲಿಂಬಿಗಿಂತ ಹುಣಸಿ ಗಟ್ಟಿ ರಸ ಎರಡು ಚಮಚ ಚಲೋ. ಮಸಾಲಿ ತೆಳು ಆಗೂದಿಲ್ಲ, ತುಂಡಿಗೆ ಹಿಡೀತೈತಿ. ಲಿಂಬಿ ತಿನ್ನೂ ಮುಂದ ಹಿಂಡ್ರಿ.

ಮಳಿಗಾಲದಾಗ ಹೊಂಟಿದ್ರ ಇನ್ನೊಂದು ನೆನಪು ಇಡ್ರಿ. ಮ್ಯಾಲಿಂದ ಪ್ರವಾಹ ಬಂದು ನೀರು ರಾಡಿ ಆದಾಗ ಹಿನ್ನೀರಿನಾಗ ಬಲಿ ಬಿಡೂದು ಕಷ್ಟ, ಮೀನು ತತ್ತಿ ಇಡೂ ಕಾಲನೂ ಅದ. ಆಗ ಬಾಳ ಕಡೆ ಸಿಗೂದು ಆಂಧ್ರದ ಕೆರಿಯಾಗ ಸಾಕಿದ ಕಟ್ಲಾ, ರೋಹು. ಅದು ಕೆಟ್ಟದ್ದಂತ ಅಲ್ಲ, ಐಸಿನಾಗ ಸರಿಯಾಗಿ ಬಂದಿದ್ರ ತಿನ್ರಿ. ಹೊಳಿ ಮೀನಿನ ದರ ಮಾತ್ರ ಕೊಡಬ್ಯಾಡ್ರಿ.

ಗುಮ್ಮಟದೂರು

ಕಡೀದೊಂದು, ಜಿಲೇಬಿ ಇಡೀ ಹುರಸೋದೋ, ತುಂಡು ಮಾಡ್ಸೋದೋ?

ಹಿನ್ನೀರ_ದಂಡಿ

ಇಡೀ ಹುರಸ್ರಿ. ಇನ್ನೂರೈವತ್ತರಿಂದ ಮುನ್ನೂರು ಗ್ರಾಂ ಒಳಗಿಂದು ಆರಸ್ರಿ, ಅದಕ್ಕಿಂತ ದೊಡ್ಡದು ಹೊರಗ ಸುಟ್ಟು ಒಳಗ ಹಸಿ ಉಳೀತೈತಿ. ಎರಡೂ ಮಗ್ಗಲಿಗೆ ಓರೆಯಾಗಿ ಮೂರು ಮೂರು ಗೀರು, ಎಲುಬು ಮುಟ್ಟೂ ತನಕ. ಗೀರಿನೊಳಗ ಬೆರಳಿಂದ ಮಸಾಲಿ ತುಂಬಸ್ರಿ, ಹೊಟ್ಟಿಯೊಳಗ ಎರಡು ಎಸಳು ಕರಿಬೇವು. ಬೆನ್ನಿನ ಮ್ಯಾಲಿನ ರೆಕ್ಕಿ ಮುಳ್ಳು ಸೂಜಿಯಂಗ ಇರ್ತಾವ, ಕತ್ತರಿಲೆ ಬುಡಕ್ಕ ಕತ್ತರಿಸಿ ತಗಸ್ರಿ, ಹುಡುಗ್ರು ಕೈ ಹಾಕ್ತಾರ. ಏಳೆಂಟು ನಿಮಿಷ, ಒಮ್ಮೆ ಅಷ್ಟ ತಿರುವಬೇಕು. ಗೀರಿನ ಬಾಯಿ ಅಗಲ ತೆರದು ಒಳಗಿನ ಎಲುಬು ಕಂಡ್ರ ಇಳಸ್ರಿ.